ಹೆಚ್ಚುವರಿ ಹಾಳೆಯ ಕನ್ನಡ

ಏನು ಹೇಳಬೇಕೆಂದು ತೀರ್ಮಾನವಾಗುವ ಮೊದಲೇ ಪೆನ್ನು ಓಡತೊಡಗುವುದರಿಂದ ವಿದ್ಯಾರ್ಥಿಯ ಬರಹ ಉದ್ದವಾಗುತ್ತದೆ. ಮೊದಲ ಮೂರು ನಾಲ್ಕು ಸಾಲು ವಿಷಯ ಹುಡುಕುವುದರಲ್ಲೇ ಕಳೆಯುತ್ತವೆ. ವಿಷಯ ಸಿಕ್ಕಿದ ಮೇಲೆ ಅದನ್ನು ಎರಡು ಸಲ ಹೇಳಿ ಗಟ್ಟಿಮಾಡಿಕೊಳ್ಳುವ ಆಸೆ. ಕೊನೆಗೆ ಹೇಳಿದ್ದನ್ನೇ ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಮತ್ತೊಮ್ಮೆ ಹೇಳಿ ಮುಗಿಸುವ ರೂಢಿ. ಪುಟ ತುಂಬಿದಷ್ಟೂ ಅಂಕ ಬರುತ್ತದೆ, ಅಡಿಷನಲ್ ಶೀಟ್ ಕೇಳಿದವರೇ ಜಾಣರು ಎಂಬ ಪರೀಕ್ಷಾ ಕೊಠಡಿಯ ನಂಬಿಕೆ ಇದಕ್ಕೆಲ್ಲ ಒತ್ತಾಸೆಯಾಗಿ ನಿಂತಿದೆ. ಮೌಲ್ಯಮಾಪಕರ ಮೇಜಿನ ಮೇಲೆ ನಡೆಯುವುದೇ ಬೇರೆ. ಪಬ್ಲಿಕ್ ಪರೀಕ್ಷೆಗಳಲ್ಲಿ ಯಾವ ಅಂಶಕ್ಕೆ ಎಷ್ಟು ಅಂಕ ಎಂದು ತಿಳಿಸುವ ಮಾದರಿ ಉತ್ತರ ಅವರ ಕೈಯಲ್ಲಿರುತ್ತದೆ. ನಾಲ್ಕು ಅಂಶ ಬರಬೇಕಾದ ಕಡೆ ಎರಡೇ ಅಂಶವನ್ನು ಎರಡು ಪುಟಕ್ಕೆ ಹಿಗ್ಗಿಸಿದರೆ ಅಂಕ ಎರಡಕ್ಕೇ ನಿಲ್ಲುತ್ತದೆ. ಅದೂ ಆ ಎರಡು ಅಂಶ ಕಣ್ಣಿಗೆ ಬಿದ್ದರೆ.

ಉತ್ತರ ಎಷ್ಟಿರಬೇಕು ಎಂಬುದನ್ನು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಒಂದು ವಾಕ್ಯದಲ್ಲಿ ಉತ್ತರಿಸಿ, ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ, ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ ಎಂಬ ಸೂಚನೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಡಿರುತ್ತಾನೆ, ಪಾಲಿಸುವವರು ಕಡಿಮೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಗೆ ಬಂದರೆ ಈ ಉದಾಸೀನ ದುಬಾರಿಯಾಗುತ್ತದೆ. ಅಲ್ಲಿ ಸಾಮಾನ್ಯ ಅಧ್ಯಯನದ ಒಂದೊಂದು ಪತ್ರಿಕೆಯಲ್ಲೂ 20 ಪ್ರಶ್ನೆ, ಮೂರು ಗಂಟೆ. 10 ಅಂಕದ ಪ್ರಶ್ನೆಗೆ 150 ಪದ, 15 ಅಂಕದ್ದಕ್ಕೆ 250 ಪದ. ಸರಾಸರಿ ಒಂಬತ್ತು ನಿಮಿಷಕ್ಕೊಂದು ಉತ್ತರ ಮುಗಿಯಬೇಕು. ಕನ್ನಡದಲ್ಲೇ ಈ ಪರೀಕ್ಷೆ ಬರೆಯುವವರಿಗೆ ಪೀಠಿಕೆ ಹಾಕುತ್ತ ಕೂರುವ ಪುರುಸೊತ್ತು ಇರುವುದಿಲ್ಲ. ಹತ್ತನೇ ತರಗತಿಯವರೆಗೆ ಉದ್ದ ಬರೆದು ಶಭಾಷ್ ಅನ್ನಿಸಿಕೊಂಡವರು ಪದವಿ ಮುಗಿಸಿದ ಮೇಲೆ ಅದನ್ನು ಮರೆಯಲು ಕೋಚಿಂಗ್ ಸೆಂಟರಿಗೆ ಹಣ ಕಟ್ಟುವುದು ನಮ್ಮ ಶಿಕ್ಷಣ ಕ್ರಮದ ವಿಚಿತ್ರಗಳಲ್ಲೊಂದು.

ಈ ಅಭ್ಯಾಸದ ಬೇರು ಬಹುಶಃ ರಜಾ ಅರ್ಜಿಯಲ್ಲಿದೆ. ಮಗು ತನ್ನ ಸ್ವಂತದ ಕೆಲಸಕ್ಕಾಗಿ ಬರೆಯುವ ಮೊದಲ ಗದ್ಯ ಅದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ನನಗೆ ತೀವ್ರವಾದ ಜ್ವರ ಬಂದಿರುವ ಕಾರಣದಿಂದಾಗಿ ಶಾಲೆಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲವಾದ್ದರಿಂದ...’ ಎಂದು ಅದು ಸಾಗುತ್ತದೆ. ಜ್ವರ ಬಂದಿದೆ, ಎರಡು ದಿನ ರಜೆ ಬೇಕು ಎಂಬ ಎರಡು ಮಾತು ಸರ್ಕಾರಿ ಕಚೇರಿಯ ದಿರಿಸು ತೊಟ್ಟು ಮುಖ್ಯೋಪಾಧ್ಯಾಯರ ಮುಂದೆ ಹಾಜರಾಗುತ್ತವೆ. ಆ ಕಚೇರಿ ಕನ್ನಡದ ಬಹುಪಾಲು ಇಂಗ್ಲಿಷ್ ಸುತ್ತೋಲೆಗಳ ಅಚ್ಚಿನಲ್ಲಿ ಎರಕಗೊಂಡದ್ದು. ರಾಜ್ಯ ಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆಡಳಿತಕ್ಕೆ ಕನ್ನಡ ಬಂತು, ಜೊತೆಗೆ ‘ತಮ್ಮ ಅವಗಾಹನೆಗೆ ತರಲಾಗಿದೆ’ ಎಂಬ ಶೈಲಿಯೂ ಬಂತು. ಅರ್ಜಿಗೆ ಸೌಜನ್ಯ ಬೇಕು, ನಿಜ. ‘ಮಾನ್ಯರೇ’ ಮತ್ತು ‘ದಯವಿಟ್ಟು’ ಅದಕ್ಕೆ ಸಾಕು.

ತುಂಬುಪದಗಳನ್ನು ಗುರುತಿಸುವುದು ಕಲಿಕೆಯ ಮೊದಲ ಹಂತ, ಸುಲಭದ ಹಂತವೂ ಹೌದು. ಅವುಗಳಲ್ಲಿ ಹೆಚ್ಚು ಬಳಕೆಯದ್ದು ‘ಅಂತಹ’. ಭಾಷಣಕಾರರು ಮತ್ತು ಟಿವಿ ನಿರೂಪಕರು ಮುಂದಿನ ಮಾತು ಹೊಳೆಯುವವರೆಗೆ ಸಮಯ ಗಳಿಸಲು ‘ಆಗಮಿಸಿರುವಂತಹ’, ‘ಮಾಡಿದಂತಹ’ ಎನ್ನುತ್ತಾರೆ. ಬರೆಯುವವನಿಗೆ ಆ ಅವಸರವಿಲ್ಲ. ‘ಬಂದ’, ‘ಮಾಡಿದ’ ಸಾಕು. ‘ಆಗಿರುತ್ತದೆ’ ಇನ್ನೊಂದು. ‘ಕರ್ನಾಟಕದ ರಾಜಧಾನಿಯು ಬೆಂಗಳೂರು ಆಗಿರುತ್ತದೆ’ ಎಂದು ಬರೆಯುವ ವಿದ್ಯಾರ್ಥಿ ಮನೆಯಲ್ಲಿ ಯಾರಾದರೂ ಕೇಳಿದರೆ ಹಾಗೆ ಹೇಳುವುದಿಲ್ಲ. ಕ್ರಿಯಾಪದವೇ ಇಲ್ಲದೆ ವಾಕ್ಯ ಕಟ್ಟುವ ಸೌಲಭ್ಯ ಕನ್ನಡಕ್ಕಿದೆ: ಕರ್ನಾಟಕದ ರಾಜಧಾನಿ ಬೆಂಗಳೂರು. ಅಷ್ಟಕ್ಕೇ ವಾಕ್ಯ ಪೂರ್ತಿಯಾಯಿತು. ಇಂಗ್ಲಿಷಿನ ಕ್ರಿಯಾಪದವನ್ನು ಎಲ್ಲಾದರೂ ಕೂರಿಸಲೇಬೇಕೆಂಬ ಹಟದಲ್ಲಿ ‘ಆಗಿದೆ’, ‘ಆಗಿರುತ್ತದೆ’ ಹುಟ್ಟುತ್ತವೆ. ‘ಅವನು ಒಬ್ಬ ಒಳ್ಳೆಯ ಹುಡುಗನಾಗಿದ್ದಾನೆ’ ಎಂಬಲ್ಲಿನ ‘ಒಬ್ಬ’ ಕೂಡ ಅದೇ ದಾರಿಯಲ್ಲಿ ಬಂದ ಅತಿಥಿ.

ಮೂರನೆಯದು ಕ್ರಿಯೆಯನ್ನು ನಾಮಪದ ಮಾಡಿ, ಅದನ್ನು ಹೊರಲು ಮತ್ತೊಂದು ಕ್ರಿಯಾಪದ ಕರೆತರುವುದು. ಪರಿಶೀಲಿಸಿದರು ಎನ್ನುವ ಬದಲು ‘ಪರಿಶೀಲನೆಯನ್ನು ನಡೆಸಿದರು’, ಕುಸಿಯಿತು ಎನ್ನುವ ಬದಲು ‘ಕುಸಿತವನ್ನು ಕಂಡಿತು’, ಹೆಚ್ಚಿತು ಎನ್ನುವ ಬದಲು ‘ಹೆಚ್ಚಳವಾಗಿರುವುದು ಕಂಡುಬಂದಿದೆ’. ಪತ್ರಿಕೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ‘ಹಿನ್ನೆಲೆಯಲ್ಲಿ’ ಮತ್ತು ‘ನಿಟ್ಟಿನಲ್ಲಿ’ ಇಲ್ಲದ ಸುದ್ದಿಪುಟ ಸಿಗುವುದು ಕಷ್ಟ. ಇದರ ಜೊತೆಗೇ ಬರುವುದು ಕರ್ಮಣಿ ಪ್ರಯೋಗ. ‘ಸೇತುವೆ ನಿರ್ಮಿಸಲ್ಪಟ್ಟಿತು’, ‘ಕ್ರಮ ಕೈಗೊಳ್ಳಲಾಗುವುದು’ ಎಂಬಲ್ಲಿ ಮಾಡಿದವರು, ಮಾಡಬೇಕಾದವರು ಕಾಣೆಯಾಗುತ್ತಾರೆ. ಕಚೇರಿಗೆ ಅದರಿಂದ ಅನುಕೂಲವಿರಬಹುದು. ಇತಿಹಾಸದ ಉತ್ತರದಲ್ಲಿ ಕಟ್ಟಿಸಿದವರು ಯಾರು ಎಂಬುದಕ್ಕೇ ಅಂಕ. ಇನ್ನು ‘ಆದರೂ ಸಹ ಕೂಡ’, ‘ಪುನಃ ಮತ್ತೆ’, ‘ಮೊದಲಾದ ಇತ್ಯಾದಿ’ಗಳ ಮಾತೇ ಬೇಡ. ‘ಸುಮಾರು ನೂರಕ್ಕೂ ಹೆಚ್ಚು’ ಎಂಬುದು ಅವುಗಳಿಗಿಂತ ಕೆಟ್ಟದ್ದು. ಲೆಕ್ಕ ಅಂದಾಜಿನದೋ ಖಚಿತವೋ ಎಂದು ಬರೆದವನೇ ತೀರ್ಮಾನಿಸಿಲ್ಲ.

ಎರಡು ಸಲ ಬಂದದ್ದೆಲ್ಲ ವ್ಯರ್ಥ ಎಂದಲ್ಲ. ಬಿಸಿಬಿಸಿ, ಮನೆಮಠ, ಹೊಲಗದ್ದೆ ಎನ್ನುವಾಗ ಜೋಡಿಯಾಗಿ ಬಂದ ಪದಕ್ಕೆ ಒಂಟಿ ಪದಕ್ಕಿಲ್ಲದ ಅರ್ಥವಿರುತ್ತದೆ. ಹೊಲಗದ್ದೆಯಿಂದ ಗದ್ದೆಯನ್ನು ತೆಗೆದರೆ ಮಳೆಯಾಶ್ರಯದ ಭೂಮಿ ಮಾತ್ರ ಉಳಿಯುತ್ತದೆ. ಕತ್ತರಿ ಹಿಡಿದವನಿಗೆ ಈ ವಿವೇಚನೆ ಬೇಕು.

ಇಷ್ಟನ್ನೂ ಒಂದೇ ಕಡೆ ನೋಡಲು ಕೆರೆಗಳ ಬಗೆಗಿನ ಪ್ರಬಂಧದ ಆರಂಭವೊಂದನ್ನು ತೆಗೆದುಕೊಳ್ಳಬಹುದು. ಮಾದರಿಗಾಗಿ ಹೆಣೆದದ್ದು; ಆದರೆ ಇಂಥದ್ದನ್ನು ಓದದ ಕನ್ನಡ ಮೇಷ್ಟ್ರು ಇರಲಾರರು.

‘ಇಂದಿನ ಆಧುನಿಕ ಯುಗದಲ್ಲಿ ನೀರು ಎಂಬುದು ಮಾನವನ ಜೀವನದಲ್ಲಿ ಅತ್ಯಂತ ಪ್ರಮುಖವಾದ ಸ್ಥಾನವನ್ನು ಪಡೆದುಕೊಂಡಿರುವಂತಹ ಒಂದು ಸಂಪನ್ಮೂಲವಾಗಿರುತ್ತದೆ. ಕೋಲಾರ ಜಿಲ್ಲೆಯಲ್ಲಿ ಯಾವುದೇ ರೀತಿಯ ವರ್ಷವಿಡೀ ಹರಿಯುವಂತಹ ನದಿಗಳು ಇಲ್ಲದೇ ಇರುವ ಕಾರಣದಿಂದಾಗಿ ಅಲ್ಲಿನ ಜನರು ಹಿಂದಿನ ಕಾಲದಿಂದಲೂ ಸಹ ಕೆರೆಗಳ ಮೇಲೆ ಅವಲಂಬನೆಯನ್ನು ಹೊಂದಿದವರಾಗಿದ್ದರು. ಆದರೆ ಕಾಲಕ್ರಮೇಣ ಕೆರೆಗಳ ಹೂಳೆತ್ತುವ ಕಾರ್ಯವು ನಿರ್ಲಕ್ಷಿಸಲ್ಪಟ್ಟಿದ್ದರಿಂದ ಮತ್ತು ಕೊಳವೆಬಾವಿಗಳನ್ನು ಕೊರೆಯುವಿಕೆಯು ಹೆಚ್ಚಾಗಿದ್ದರಿಂದ ಅಂತರ್ಜಲದ ಮಟ್ಟವು ಕುಸಿತವನ್ನು ಕಂಡಿದೆ ಎಂದು ಹೇಳಬಹುದಾಗಿದೆ.’

ಮೊದಲ ವಾಕ್ಯವನ್ನು ಇಡಿಯಾಗಿ ಹೊಡೆದುಹಾಕಬಹುದು. ನೀರು ಮುಖ್ಯ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಆಧುನಿಕ ಯುಗಕ್ಕೂ ಅದಕ್ಕೂ ವಿಶೇಷ ನಂಟಿಲ್ಲ. ಎರಡನೆಯದರಲ್ಲಿ ‘ಯಾವುದೇ ರೀತಿಯ’, ‘ಕಾರಣದಿಂದಾಗಿ’, ‘ಸಹ’ ಹೋಗುತ್ತವೆ. ‘ಅವಲಂಬನೆಯನ್ನು ಹೊಂದಿದವರಾಗಿದ್ದರು’ ಎಂಬುದು ‘ನಂಬಿದ್ದರು’ ಎಂದಾಗುತ್ತದೆ. ಕೊನೆಯ ವಾಕ್ಯ ಮೂರಾಗಿ ಒಡೆಯುತ್ತದೆ. ಹೇಳಬಹುದಾಗಿದೆಯೋ ಇಲ್ಲವೋ ಎಂಬ ಅನುಮಾನ ತಾನಾಗಿ ಉದುರುತ್ತದೆ. ಉಳಿಯುವುದು ಇಷ್ಟು:

‘ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಜನ ಹಿಂದಿನಿಂದಲೂ ಕೆರೆಗಳನ್ನೇ ನಂಬಿದ್ದರು. ಹೂಳೆತ್ತುವುದು ನಿಂತಿತು, ಕೊಳವೆಬಾವಿಗಳು ಹೆಚ್ಚಿದವು, ಅಂತರ್ಜಲ ಕುಸಿಯಿತು.’

48 ಪದ 16ಕ್ಕೆ ಇಳಿದಿದೆ, ಹೇಳಿದ್ದರಲ್ಲಿ ಒಂದಂಶವೂ ಕಳೆದಿಲ್ಲ. ನಿಜವಾದ ಕಲಿಕೆ ಶುರುವಾಗುವುದು ಇದರ ನಂತರ. ಮೂಲ ಬರಹದಲ್ಲಿ ಪದಗಳ ದಟ್ಟಣೆಯಲ್ಲಿ ಅಡಗಿದ್ದ ಕೊರತೆಗಳು ಈಗ ಬಯಲಾಗುತ್ತವೆ. ಹೂಳೆತ್ತುತ್ತಿದ್ದವರು ಯಾರು? ನಿಂತದ್ದು ಏಕೆ? ಹೂಳು ತುಂಬಿದ್ದಕ್ಕೂ ಅಂತರ್ಜಲ ಇಳಿದದ್ದಕ್ಕೂ ಏನು ಸಂಬಂಧ? ಕೆರೆಯಲ್ಲಿ ನಿಂತ ನೀರು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಿಗೆ ಒರತೆಯಾಗುತ್ತಿತ್ತು, ಹೂಳು ತುಂಬಿದಾಗ ಕೆರೆ ಹಿಡಿಯುವ ನೀರೂ ಕಡಿಮೆಯಾಯಿತು, ಇಂಗುವ ನೀರೂ ಕಡಿಮೆಯಾಯಿತು ಎಂಬ ವಿವರ ಆ ಮೂರು ತುಣುಕುಗಳ ನಡುವೆ ಬರಬೇಕಿತ್ತು. ಅದನ್ನು ಸೇರಿಸಿದರೂ ಬರಹ ಮೊದಲಿನಷ್ಟು ಉದ್ದವಾಗದು. ಸಂಕ್ಷೇಪದಿಂದ ಉಳಿದ ಜಾಗ ಹೀಗೆ ವಿಷಯಕ್ಕೆ ಸಲ್ಲಬೇಕು. ತುಂಬುಪದ ತೆಗೆದ ಮೇಲೆ ಏನೂ ಉಳಿಯಲಿಲ್ಲವಾದರೆ ವಿದ್ಯಾರ್ಥಿ ವ್ಯಾಕರಣ ಬಿಟ್ಟು ಪಠ್ಯಪುಸ್ತಕಕ್ಕೆ ಮರಳಬೇಕು. ಅವನ ತೊಂದರೆ ಭಾಷೆಯದಲ್ಲ.

ಬರಹ ಗಿಡ್ಡವಾದ ಮಾತ್ರಕ್ಕೆ ತಿಳಿಯಾಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದದ ಎಡಕ್ಕೆ ಸಾಲುಗಟ್ಟುತ್ತವೆ. ‘ಪ್ರವಾಹಕ್ಕೆ ಸಿಲುಕಿ ಮನೆ ಕಳೆದುಕೊಂಡು ಶಾಲೆಯಲ್ಲಿ ಆಶ್ರಯ ಪಡೆದಿದ್ದ ಜನರನ್ನು ಭೇಟಿಯಾದ ತಹಶೀಲ್ದಾರರು ನೀಡಿದ ಭರವಸೆಯನ್ನು ಊರವರು ನಂಬಲಿಲ್ಲ’ ಎಂಬ ವಾಕ್ಯದಲ್ಲಿ ಅನವಶ್ಯಕ ಪದ ಒಂದೂ ಇಲ್ಲ. ಆದರೂ ಓದುಗ ಜನರನ್ನು, ತಹಶೀಲ್ದಾರರನ್ನು, ಭರವಸೆಯನ್ನು ತಲೆಯ ಮೇಲೆ ಹೊತ್ತುಕೊಂಡು ‘ನಂಬಲಿಲ್ಲ’ ಎಂಬಲ್ಲಿಯವರೆಗೆ ನಡೆಯಬೇಕು. ಇದನ್ನು ಮೂರು ಮಾಡಬೇಕು: ಪ್ರವಾಹದಲ್ಲಿ ಮನೆ ಕಳೆದುಕೊಂಡವರು ಶಾಲೆಯಲ್ಲಿದ್ದರು. ತಹಶೀಲ್ದಾರರು ಅಲ್ಲಿಗೆ ಬಂದು ಭರವಸೆ ಕೊಟ್ಟರು. ಊರವರು ನಂಬಲಿಲ್ಲ. ಪದಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಓದುವವನ ಶ್ರಮ ಮಾತ್ರ ಇಳಿಯಿತು.

ಎಲ್ಲಿ ಒಡೆಯಬೇಕು ಎಂಬುದಕ್ಕೆ ಕರ್ತೃವೇ ಗುರುತು. ಬಂದು, ಹೋಗಿ, ನೋಡಿ ಎಂಬ ಕ್ರಿಯಾನ್ಯೂನಗಳನ್ನು ಎಷ್ಟು ಬೇಕಾದರೂ ಪೋಣಿಸಬಹುದು, ಮಾಡುವವನು ಒಬ್ಬನೇ ಆಗಿರುವವರೆಗೆ. ‘ಅಧಿಕಾರಿ ಊರಿಗೆ ಬಂದು ಜನ ದೂರು ಕೊಟ್ಟರು’ ಎಂದರೆ ಬಂದವನೊಬ್ಬ, ಕೊಟ್ಟವರು ಮತ್ತೊಬ್ಬರು. ಅಲ್ಲಿ ‘ಬಂದಾಗ’ ಎನ್ನಬೇಕು. ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಂಥ ಕಾರಣವಾಚಕ ವಾಕ್ಯಗಳಿಗೆ ಭಾಷೆ ರಿಯಾಯಿತಿ ಕೊಟ್ಟಿದೆ. ಈ ವ್ಯತ್ಯಾಸ ಮಾತಾಡುವಾಗ ಯಾರಿಗೂ ತಪ್ಪುವುದಿಲ್ಲ, ಉತ್ತರಪತ್ರಿಕೆಯಲ್ಲಿ ವಾಕ್ಯ ನಾಲ್ಕು ಸಾಲಿಗೆ ಬೆಳೆದಾಗ ಮಾತ್ರ ತಪ್ಪುತ್ತದೆ.

ಪದದ ಸ್ಥಾನ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಹೊಸ ಶಾಲೆಯ ಕಟ್ಟಡ’ ಎಂದರೆ ಶಾಲೆ ಹೊಸದೋ ಕಟ್ಟಡ ಹೊಸದೋ ತಿಳಿಯದು. ‘ಶಾಲೆಯ ಹೊಸ ಕಟ್ಟಡ’ ಎಂದರೆ ಸಂದೇಹವಿಲ್ಲ. ಒಂದು ಪದವೂ ಹೆಚ್ಚಾಗದೆ ಸ್ಪಷ್ಟತೆ ಬಂತು. ಸರ್ವನಾಮದ ವಿಷಯದಲ್ಲಂತೂ ಕನ್ನಡದಲ್ಲಿ ಬರೆಯುವವರು ಅದೃಷ್ಟವಂತರು. ‘ಸುರೇಶ ಗಣೇಶನಿಗೆ ತನ್ನ ಪುಸ್ತಕ ಕೊಟ್ಟ’ ಎಂದರೆ ಪುಸ್ತಕ ಸುರೇಶನದು. ‘ಅವನ ಪುಸ್ತಕ’ ಎಂದರೆ ಗಣೇಶನದು, ಅಥವಾ ಮೂರನೆಯವನದು. ತಾನು, ತನ್ನ, ತಮ್ಮ ಎಂಬ ರೂಪಗಳನ್ನು ಬಿಟ್ಟು ಎಲ್ಲ ಕಡೆ ‘ಅವನ’, ‘ಅವರ’ ಎಂದೇ ಬರೆಯುವ ಚಾಳಿ ಈಚೆಗೆ ಅನುವಾದಗಳಿಂದ ಹಬ್ಬುತ್ತಿದೆ. ಕೈಯಲ್ಲಿದ್ದ ಅನುಕೂಲವನ್ನು ಸುಮ್ಮನೆ ಬಿಟ್ಟುಕೊಟ್ಟಂತಾಯಿತು.

ಪದ ಎಣಿಸಿ ಸಂಕ್ಷೇಪವನ್ನು ಅಳೆಯುವುದು ಕನ್ನಡದಲ್ಲಿ ಪೂರ್ತಿ ನಂಬುವ ಹಾದಿಯಲ್ಲ. ಪ್ರತ್ಯಯಗಳನ್ನು ಅಂಟಿಸಿಕೊಳ್ಳುತ್ತ ಹೋಗುವ ಭಾಷೆಯಾದ್ದರಿಂದ ‘ಹೋಗಬೇಕಾಗಿಬಂದದ್ದರಿಂದಾಗಿ’ ಎಂಬ ಗಾಡಿ ಕೂಡ ಲೆಕ್ಕಕ್ಕೆ ಒಂದೇ ಪದ. 150 ಪದದ ಮಿತಿಯನ್ನು ಕಂಡು ಹೆದರಿದ ಕೆಲವರು ಸಿಕ್ಕಿದ್ದನ್ನೆಲ್ಲ ಸಂಧಿ ಮಾಡಿ, ಸಮಾಸ ಮಾಡಿ ಸಂಖ್ಯೆ ಇಳಿಸುತ್ತಾರೆ. ‘ಗ್ರಾಮೀಣಾಭಿವೃದ್ಧಿಯೋಜನಾನುಷ್ಠಾನ’ ಬಿಡಿಸಿ ಓದುವಷ್ಟರಲ್ಲಿ ಮೌಲ್ಯಮಾಪಕರ ಸಹನೆ ತೀರಿರುತ್ತದೆ. ಇನ್ನು ಕೆಲವರು ಟಿಪ್ಪಣಿ ಶೈಲಿಗೆ ಜಾರುತ್ತಾರೆ: ಕಾರಣ, ಹೂಳು, ಪರಿಣಾಮ, ಬರ. ಒಂದಕ್ಕೊಂದರ ಸಂಬಂಧ ಹೇಳುವ ಕ್ರಿಯಾಪದವೇ ಇಲ್ಲದಿದ್ದರೆ ಅದು ಉತ್ತರವಾಗದು.

ಕಠಿಣ ಪದಗಳ ಪ್ರಶ್ನೆ ಹಳೆಯದು. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’, ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನೇ ದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಕನ್ನಡವನ್ನೂ ಸಂಸ್ಕೃತವನ್ನೂ ಹೊಂದಿಕೆಯಿಲ್ಲದೆ ಬೆರೆಸುವುದು ಅದರ ಕಣ್ಣಿಗೆ ಬಿದ್ದ ತಪ್ಪುಗಳಲ್ಲೊಂದು. 1112ರಲ್ಲಿ ‘ಧರ್ಮಾಮೃತ’ ಬರೆದ ಮುಳುಗುಂದದ ನಯಸೇನನಿಗೂ ಇದೇ ಆಕ್ಷೇಪವಿತ್ತು. ಇಂದಿನ ವಿದ್ಯಾರ್ಥಿ ಈ ಜಗಳದಲ್ಲಿ ಪಕ್ಷ ವಹಿಸಬೇಕಾಗಿಲ್ಲ. ಅವನಿಗೆ ಬೇಕಾದದ್ದು ಒಂದು ಸಾಧಾರಣ ವಿವೇಕ. ವಿಜ್ಞಾನದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬ ಪಾರಿಭಾಷಿಕ ಪದ ಬೇಕೇ ಬೇಕು. ಒಮ್ಮೆ ವಿವರಿಸಿ ಮುಂದೆ ಅದನ್ನೇ ಬಳಸಬೇಕು. ಚಂದಕ್ಕಾಗಿ ಅಂತರ್ಜಲವನ್ನು ಮುಂದಿನ ಸಾಲಿನಲ್ಲಿ ‘ಭೂಗರ್ಭದ ಜೀವಜಲ’ ಎಂದರೆ ಎರಡೂ ಬೇರೆಯೇನೋ ಎಂದು ಓದುಗ ಅನುಮಾನಿಸುತ್ತಾನೆ. ‘ಮಳೆ ಬಂತು’ ಎನ್ನುವ ಕಡೆ ‘ವರ್ಷಧಾರೆಯ ಆಗಮನವಾಯಿತು’ ಎನ್ನಲು ಯಾವ ಕಾರಣವೂ ಇಲ್ಲ. ಕಷ್ಟದ ವಿಷಯವನ್ನು ಬಳಕೆಯ ಕನ್ನಡದಲ್ಲಿ ಬರೆಯಬಹುದು ಎಂಬುದಕ್ಕೆ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಲೈಬ್ರರಿಯಲ್ಲೇ ಇವೆ. ಗೈಡುಗಳ ಗದ್ಯವನ್ನೇ ಓದಿ ಬೆಳೆದವನಿಗೆ ಈ ಪುಸ್ತಕಗಳ ನಾಲ್ಕು ಪುಟ ಔಷಧಿ.

ಅಭ್ಯಾಸಕ್ಕೆ ಸಾರಲೇಖನದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ 300 ಅಂಕದ ಕಡ್ಡಾಯ ಭಾರತೀಯ ಭಾಷಾ ಪತ್ರಿಕೆಯಲ್ಲಿ ಇದಕ್ಕೆ 60 ಅಂಕ. ಕೊಟ್ಟ ಭಾಗವನ್ನು ಸ್ವಂತ ಮಾತಿನಲ್ಲಿ ಮೂರನೇ ಒಂದಕ್ಕೆ ಇಳಿಸಬೇಕು. ಬಹಳಷ್ಟು ಜನ ಮೂಲದ ವಾಕ್ಯಗಳಲ್ಲಿ ಮೂರಕ್ಕೊಂದನ್ನು ಆರಿಸಿ ಪೋಣಿಸುತ್ತಾರೆ, ಅದು ಹರಿದ ಬಟ್ಟೆಯ ತುಂಡುಗಳಂತೆ ಕಾಣುತ್ತದೆ. ಸರಿಯಾದ ಕ್ರಮ ಹೀಗೆ: ಭಾಗವನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿಟ್ಟು, ಲೇಖಕ ಏನು ಹೇಳಿದ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯ ಬರದಿದ್ದರೆ ಓದಿದ್ದು ಅರ್ಥವಾಗಿಲ್ಲ. ಬಂದರೆ ಅದಕ್ಕೆ ಆಧಾರವಾದ ಎರಡು ಮೂರು ಅಂಶಗಳನ್ನು ಮೂಲದ ಕ್ರಮದಲ್ಲೇ ಸೇರಿಸಬೇಕು. ಉದಾಹರಣೆಗಳು, ಪುನರುಕ್ತಿ, ಅಲಂಕಾರ ಹೊರಗುಳಿಯುತ್ತವೆ. ಬರೆಯುವವನ ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ. ಈ ಕಲೆ ಪರೀಕ್ಷೆಗಷ್ಟೇ ಸೀಮಿತವಲ್ಲ ಎಂಬುದನ್ನು 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ತೋರಿಸಿತು. ಪಾವೆಂ ಆಚಾರ್ಯರ ಸಂಪಾದಕತ್ವದಲ್ಲಿ ಅದರ ಪುಸ್ತಕ ವಿಭಾಗ ಇಡೀ ಪುಸ್ತಕಗಳನ್ನು ಕೆಲವೇ ಪುಟಗಳ ಸಂಗ್ರಹವಾಗಿ ಕೊಟ್ಟಿತು. ಮೂಲ ಪುಸ್ತಕ ಕೈಗೆ ಸಿಗದ ಎಷ್ಟೋ ಮನೆಗಳಲ್ಲಿ ಓದಿನ ಹಸಿವು ತೀರಿದ್ದು ಆ ಪುಟಗಳಿಂದ. ಶಾಲೆಯಲ್ಲಿ ಇಂದಿನ ಪತ್ರಿಕೆಯ ಸಂಪಾದಕೀಯವನ್ನೇ ವಾರಕ್ಕೊಮ್ಮೆ ಹೀಗೆ ಇಳಿಸುವ ಅಭ್ಯಾಸ ಮಾಡಿಸಬಹುದು. ಖರ್ಚಿಲ್ಲ, ಪುಸ್ತಕ ಬೇಡ.

ತಿದ್ದುವ ಕೆಲಸಕ್ಕೆ ಕಿವಿ ಒಳ್ಳೆಯ ಸಹಾಯಕ. ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ವಾಕ್ಯ ಒಡೆಯಬೇಕು ಎಂದು ತಿಳಿಯುತ್ತದೆ. ನಾಲಿಗೆ ತಾನಾಗಿ ‘ಆಗಿರುತ್ತದೆ’ಯನ್ನು ಬಿಟ್ಟು ಓದಿದರೆ ಅದು ಬೇಡದ ಪದ. ಮರುದಿನ ಓದಿದರೆ ಇನ್ನೂ ಒಳ್ಳೆಯದು, ಬರೆದ ದಿನದ ಮೋಹ ಅಷ್ಟರಲ್ಲಿ ಇಳಿದಿರುತ್ತದೆ. ಶಿಕ್ಷಕರ ಪಾಲು ಇಲ್ಲಿ ದೊಡ್ಡದು. ಕೆಂಪು ಶಾಯಿ ಸಾಮಾನ್ಯವಾಗಿ ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಖರ್ಚಾಗುತ್ತದೆ. ಒಂದು ಪ್ಯಾರಾದಲ್ಲಿ ಬೇಡದ ಪದಗಳಿಗೆ ಗೆರೆ ಎಳೆದು ‘ಇವಿಲ್ಲದೆ ಮತ್ತೆ ಬರಿ’ ಎಂದು ವಾಪಸು ಕೊಟ್ಟರೆ ಹತ್ತು ಕಾಗುಣಿತ ತಿದ್ದಿದ್ದಕ್ಕಿಂತ ಹೆಚ್ಚು ಪ್ರಯೋಜನ. ಐವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಹೀಗೆ ಮಾಡುವುದು ಆಗದ ಮಾತು. ಒಬ್ಬರ ಬರಹವನ್ನು ಹೆಸರು ಹೇಳದೆ ಕಪ್ಪುಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ತಿದ್ದುವುದು ಆದೀತು.

ಪರೀಕ್ಷೆಯ ಕೊಠಡಿಯಲ್ಲಿ ತಿದ್ದಿ ಬರೆಯಲು ಸಮಯವಿರುವುದಿಲ್ಲವಾದ್ದರಿಂದ ಯೋಚನೆಯ ಪಾಲು ಮೊದಲೇ ಮುಗಿಯಬೇಕು. ದೊಡ್ಡ ಪ್ರಶ್ನೆಗೆ ಎರಡು ನಿಮಿಷ ತೆಗೆದಿಟ್ಟು, ಬರಬೇಕಾದ ಅಂಶಗಳನ್ನು ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ ಒಂದೊಂದು ಪದವಾಗಿ ಗುರುತು ಹಾಕಿಕೊಂಡು, ಕ್ರಮಕ್ಕೆ ಸಂಖ್ಯೆ ಕೊಟ್ಟರೆ ಸಾಕು. ಪ್ರಶ್ನೆಯಲ್ಲಿರುವ ಕ್ರಿಯಾಪದವನ್ನು ಆಗಲೇ ನೋಡಿಕೊಳ್ಳಬೇಕು: ‘ವಿವರಿಸಿ’ ಎಂದರೆ ಹೇಗೆ ಎಂದು ಹೇಳಬೇಕು, ‘ಕಾರಣ ಕೊಡಿ’ ಎಂದರೆ ಏಕೆ ಎಂದು, ‘ಹೋಲಿಸಿ’ ಎಂದರೆ ಎರಡನ್ನೂ ಅಕ್ಕಪಕ್ಕ ಇಟ್ಟು. ‘ಸಂದರ್ಭದೊಂದಿಗೆ ಸ್ವಾರಸ್ಯ’ ಕೇಳಿದಲ್ಲಿ ಆಕರ ಒಂದು ಸಾಲು, ಸಂದರ್ಭ ಎರಡು ಸಾಲು, ಉಳಿದದ್ದು ಸ್ವಾರಸ್ಯಕ್ಕೆ. ಹೆಚ್ಚಿನ ಉತ್ತರಗಳಲ್ಲಿ ಈ ಅಳತೆ ತಿರುಗುಮುರುಗಾಗಿ, ಪಾಠದ ಕತೆಯೆಲ್ಲ ಸಂದರ್ಭದಲ್ಲೇ ಮುಗಿದು, ಸ್ವಾರಸ್ಯ ‘ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂಬ ಒಂದೇ ವಾಕ್ಯವಾಗುತ್ತದೆ. ಹಾಕಿಕೊಂಡ ಅಂಶಗಳು ಮುಗಿದಲ್ಲಿಗೆ ಉತ್ತರ ಮುಗಿಯಿತು. ಪುಟದಲ್ಲಿ ಜಾಗ ಉಳಿದಿದ್ದರೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಬಹುದು.